ಯಾವ ಗಡಿಯಾರದ ಟೈಮ್ ಮುಗಿದಿದೆ ಸಾರ್?



ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ಕೇಸು, ಕಾಗದ ಅಂತ ಸ್ಟೇಷನ್ನು ಕಚೇರಿ ಅಲೆಯುವ ಗೆಳೆಯರು, ಅದರಲ್ಲೂ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರು ಪೂರ್ತಿ ಓದಿ.

ಹೋದ ತಿಂಗಳು ಒಬ್ಬ ಅಕ್ಕ ನನ್ನ ಹುಡುಕಿಕೊಂಡು ಬಂದಿದ್ರು. ಕೈಯಲ್ಲಿ ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರು. ಅದರೊಳಗೆ ಆಧಾರ್ ಕಾರ್ಡು, ಜಾತಿ ಸರ್ಟಿಫಿಕೇಟು, ಯಾರೋ ಬರೆದುಕೊಟ್ಟ ಎರಡು ಪುಟದ ಅರ್ಜಿ. ಅರ್ಜಿ ಮೂರು ಕಡೆ ಹೋಗಿ ಬಂದಿದೆ, ಆದರೆ ಮೇಲೆ ಒಂದು ಸೀಲೂ ಇಲ್ಲ. ಕೂತ ತಕ್ಷಣ ಅವರು ಅಂದಿದ್ದು: "ಅಣ್ಣ, ಟೈಮ್ ಆಗೋಗೈತಂತೆ. ಅದೂ ಅಲ್ದೆ ನಮ್ದು ಅವರ ಲಿಮಿಟ್ಸ್‌ಗೆ ಬರಲ್ವಂತೆ."

ಹೆಸರು, ಊರು, ಫ್ಯಾಕ್ಟರಿ, ಸ್ಟೇಷನ್ನು ಯಾವುದನ್ನೂ ಇಲ್ಲಿ ಬರೆಯಲ್ಲ, ಕಾಮೆಂಟಲ್ಲೂ ಕೇಳಬೇಡಿ. ಇಂಥ ದೂರು ಕೊಟ್ಟ ಹೆಣ್ಣುಮಗಳ ಗುರುತನ್ನ ಯಾರೂ ಹೊರಗೆ ಹಾಕಬಾರದು ಅಂತ 2013ರ ಕಾಯ್ದೆಯ 16ನೇ ಸೆಕ್ಷನ್ನೇ ಹೇಳುತ್ತೆ. ಇಷ್ಟು ತಿಳಿದರೆ ಸಾಕು: ಅವರ ಮನೆ ಇರೋದು ಒಂದು ತಾಲ್ಲೂಕು, ಕೆಲಸ ಇನ್ನೊಂದು ತಾಲ್ಲೂಕು, ಕೆಲಸಕ್ಕೆ ಕರ್ಕೊಂಡು ಹೋಗೋ ಮೇಸ್ತ್ರಿ ಮೂರನೇ ತಾಲ್ಲೂಕಿನವನು. ಬೆಳಗ್ಗೆ 6ಕ್ಕೆ ಟೆಂಪೋ ಬರುತ್ತೆ, ಊರೂರಿನ ಕೇರಿ ಮುಂದೆ ನಿಲ್ಲಿಸಿ ಹೆಂಗಸರನ್ನ ತುಂಬಿಕೊಂಡು ಕಾಯಿ ಪುಡಿ ಫ್ಯಾಕ್ಟರಿಗೆ ಹೋಗುತ್ತೆ. ಅಲ್ಲಿ ಚಿಪ್ಪು ಬಿಡಿಸಿದ ಕಾಯಿಯ ಕಂದು ಸಿಪ್ಪೆ ಹೆರೆಯುವ ಕೆಲಸ. ಎಷ್ಟು ಹೆರೆದರೆ ಅಷ್ಟು ದುಡ್ಡು. ನಾವು ಪ್ಯಾಕೆಟ್ ಒಡೆದು ಚಟ್ನಿಗೋ ಮಿಠಾಯಿಗೋ ಹಾಕೋ ಬೆಳ್ಳಗಿನ ಪುಡಿ ಇದೆಯಲ್ಲ, ಅದು ಬೆಳ್ಳಗಾಗೋದು ಇವರ ಕೈಯಲ್ಲಿ.

ಅಲ್ಲಿನ ಸೂಪರ್‌ವೈಸರ್ ಜಾತಿಯಲ್ಲಿ ಮೇಲಿನವನು. ಮೊದಮೊದಲು ಕುಡಿಯೋ ನೀರಿನ ವಿಷಯ. ಡ್ರಮ್ಮಿನ ನಲ್ಲಿ ಇವರು ಮುಟ್ಟಂಗಿಲ್ಲ, ಬೇರೆಯವರು ಬಾಟ್ಲಿಗೆ ಮೇಲಿಂದ ಹುಯ್ಯಬೇಕು. ಆಮೇಲೆ ಮಾತು. ಆಮೇಲೆ ಒಂದು ದಿನ, ಈಗ 7 ತಿಂಗಳ ಹಿಂದೆ, ಗೋಡೌನಿನಲ್ಲಿ ಕೈ ಹಾಕಿದ. ಇವರು ಕೂಗಿಕೊಂಡು ಹೊರಗೆ ಬಂದರು. ಮಾರನೇ ದಿನದಿಂದ ಹೆರೆಯೋ ಸಾಲಿನಿಂದ ಎಬ್ಬಿಸಿ ಬಿಸಿಲಲ್ಲಿ ಚಿಪ್ಪು ಹೊರೋಕೆ ಹಾಕಿದ. ಅಲ್ಲಿಗೂ ಬಂದು ದಿನಾ ಒಂದೊಂದು ಮಾತು. 5 ತಿಂಗಳು ಹಿಂಗೇ ನಡೆದು, ಕೊನೆಗೆ "ನಾಳೆಯಿಂದ ಬರಬೇಡ" ಅಂದ. ಕೊಡಬೇಕಾದ ಬಟವಾಡೆಯೂ ಕೊಡಲಿಲ್ಲ.

ಮೊದಲು ಹೋದ ಸ್ಟೇಷನ್ನಿನಲ್ಲಿ "ಘಟನೆ ಆಗಿರೋದು ನಮ್ಮ ಲಿಮಿಟ್ಸ್ ಅಲ್ಲಮ್ಮ" ಅಂದ್ರು. ಫ್ಯಾಕ್ಟರಿ ಇರೋ ಕಡೆಯ ಸ್ಟೇಷನ್ನಿಗೆ ಹೋದರೆ "ಇಷ್ಟು ದಿನ ಎಲ್ಲಿದ್ದೆ? ಇದಕ್ಕೆಲ್ಲ 3 ತಿಂಗಳು ಟೈಮು. ಈಗ ಕೇಸ್ ಬರಲ್ಲ, ತುಮಕೂರಲ್ಲಿ ಕಮಿಟಿ ಐತೆ, ಅಲ್ಲಿಗೆ ಕೊಡು" ಅಂದ್ರು. ಆ ಕಮಿಟಿ ಎಲ್ಲಿ ಅಂತ ಕೇಳೋಕೆ ಒಂದು ಸರ್ಕಾರಿ ಕಚೇರಿಗೆ ಹೋದರೆ, ಅರ್ಜಿ ಓದಿದವರು ಬೆರಳು ಮಡಿಚಿ ಲೆಕ್ಕ ಹಾಕಿ "6 ತಿಂಗಳೂ ದಾಟೋಗಿದೆ" ಅಂದ್ರು. ಮೂರೂ ಕಡೆ ಯಾರೂ ಗದರಲಿಲ್ಲ, ಅವಮಾನ ಮಾಡಲಿಲ್ಲ. ಒಬ್ಬರು ಕುರ್ಚಿ ಕೂಡ ಕೊಟ್ಟರಂತೆ. ಮೊದಲೆಲ್ಲ ನಮ್ಮವರನ್ನ ಬೈದು ಓಡಿಸ್ತಿದ್ರು. ಈಗ ಕ್ಯಾಲೆಂಡರ್ ತೋರಿಸಿ ಕಳಿಸ್ತಾರೆ.

ಈ 3 ತಿಂಗಳು ಎಲ್ಲಿಂದ ಬಂತು? ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧದ 2013ರ ಕಾಯ್ದೆ, ಪಾಶ್ ಅಂತೀವಲ್ಲ, ಅದರ 9ನೇ ಸೆಕ್ಷನ್ನಿನಿಂದ. ಘಟನೆಯಾದ 3 ತಿಂಗಳೊಳಗೆ ಸಮಿತಿಗೆ ಲಿಖಿತ ದೂರು ಕೊಡಬೇಕು. ಕೊಡಲಾಗದೆ ಇದ್ದ ಪರಿಸ್ಥಿತಿ ಇತ್ತು ಅಂತ ಸಮಿತಿಗೆ ಅನ್ನಿಸಿದರೆ, ಕಾರಣ ಬರೆದು, ಇನ್ನೂ 3 ತಿಂಗಳವರೆಗೆ ಸಮಯ ಕೊಡಬಹುದು. ಅಲ್ಲಿಗೆ 6. ಆದರೆ ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತಿದೆ: ಘಟನೆಗಳ ಸರಣಿಯಾದರೆ ಕೊನೆಯ ಘಟನೆಯಿಂದ ಲೆಕ್ಕ.

ಈಗ ಅಕ್ಕನ ಅರ್ಜಿ ನೋಡಿ. ಬರೆದುಕೊಟ್ಟವರು ನಮ್ಮ ಹುಡುಗರೇ, ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದಾರೆ. ಆದರೆ ಎರಡೂ ಪುಟದಲ್ಲಿ ಇರೋದು ಗೋಡೌನಿನ ಆ ಒಂದು ದಿನ. ಅದಾದ ಮೇಲಿನ 5 ತಿಂಗಳು ಚಿಪ್ಪಿನ ರಾಶಿ ಹತ್ರ ಬಂದು ಆಡಿದ ಮಾತು ಒಂದೂ ಇಲ್ಲ. ನಾನು "ಅಕ್ಕ, ಅವನು ಕೊನೇ ಸಲ ಆ ಥರ ಮಾತಾಡಿದ್ದು ಯಾವತ್ತು?" ಅಂತ ಕೇಳಿದೆ. ಅವರು ಯೋಚನೆ ಮಾಡಲೇ ಇಲ್ಲ. "ಬರಬೇಡ ಅಂದ್ನಲ್ಲ, ಅವತ್ತು ಬೆಳಗ್ಗೇನೂ ಅಂದ." ಅಂದರೆ ಅವರು ನನ್ನ ಹತ್ರ ಬಂದ ದಿನಕ್ಕೆ ಸರಿಯಾಗಿ 2 ತಿಂಗಳು. ಟೈಮ್ ಮುಗಿದೇ ಇರಲಿಲ್ಲ! ಮೂರು ಕಚೇರಿ ದಾಟಿ ಬಂದರೂ "ಕೊನೇ ಸಲ ಯಾವಾಗ" ಅನ್ನೋ ಒಂದು ಪ್ರಶ್ನೆಯನ್ನ ಯಾರೂ ಕೇಳಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ. 2025ರ ಸೆಪ್ಟೆಂಬರ್ 12ರಂದು ಸುಪ್ರೀಂ ಕೋರ್ಟ್ ಕೋಲ್ಕತ್ತದ ಕಾನೂನು ವಿಶ್ವವಿದ್ಯಾಲಯದ ಪ್ರಾಧ್ಯಾಪಕಿಯೊಬ್ಬರ ಕೇಸಿನಲ್ಲಿ ತೀರ್ಪು ಕೊಟ್ಟಿದೆ. ಕುಲಪತಿಯ ಮೇಲೆ ದೂರು. ಕೊನೆಯ ಘಟನೆ 2023ರ ಏಪ್ರಿಲ್, ದೂರು ಕೊಟ್ಟಿದ್ದು ಅದೇ ವರ್ಷದ ಡಿಸೆಂಬರ್. ಆಮೇಲೆ ಹುದ್ದೆಯಿಂದ ತೆಗೆದಿದ್ದು ಆಡಳಿತದ ಕ್ರಮ, ಅದು ಕಿರುಕುಳದ ಮುಂದುವರಿಕೆ ಅಲ್ಲ ಅಂತ ಹೇಳಿ, ಅವಧಿ ಮೀರಿದೆ ಅಂತ ದೂರು ತಳ್ಳಿಹಾಕಿದ್ದನ್ನ ಕೋರ್ಟು ಎತ್ತಿಹಿಡಿಯಿತು. ಜೊತೆಗೆ, ಈ ತೀರ್ಪು ಆ ಕುಲಪತಿಯ ಬಯೋಡೇಟಾದಲ್ಲಿ ಕಡ್ಡಾಯವಾಗಿ ಇರಬೇಕು ಅಂತಲೂ ಹೇಳಿತು. ಇದು ನ್ಯಾಯವೋ ಸಮಾಧಾನವೋ ನೀವೇ ಯೋಚನೆ ಮಾಡಿ. ಕಾನೂನು ಕಲಿಸೋ ಪ್ರೊಫೆಸರಿಗೇ ಆ ಬಾಗಿಲು ಮುಚ್ಚಿತು ಅಂದಮೇಲೆ, ಹೆಬ್ಬೆಟ್ಟು ಒತ್ತೋ ನಮ್ಮಕ್ಕನಿಗೆ ಇನ್ನೇನು? ಹಾಗಾಗಿ ನಮ್ಮವರ ಅರ್ಜಿಯಲ್ಲಿ "ಕೆಲಸದಿಂದ ತೆಗೆದರು" ಅಂತ ಬರೆದರೆ ಸಾಲದು. ಕೈ ಹಾಕಿದ್ದಕ್ಕೆ ಒಪ್ಪದೇ ಇದ್ದದ್ದಕ್ಕೆ ಜಾಗ ಬದಲಾಯಿಸಿದ, ಆಮೇಲೂ ಇಂಥಿಂಥ ಮಾತಾಡಿದ, ಕೊನೆಯ ಮಾತು ಇಂಥ ದಿನ, ಅದಕ್ಕೇ ಕೆಲಸದಿಂದ ಬಿಡಿಸಿದ ಅಂತ ಕೊಂಡಿಗೆ ಕೊಂಡಿ ಸೇರಿಸಿ ಬರೀಬೇಕು. ಕೆಲಸಕ್ಕೆ ಕುತ್ತು ತರೋ ಬೆದರಿಕೆ ಕಿರುಕುಳದ ಜೊತೆ ಸೇರಿಕೊಂಡರೆ ಅದೂ ಕಿರುಕುಳವೇ ಅಂತ ಅದೇ ಕಾಯ್ದೆಯ 3ನೇ ಸೆಕ್ಷನ್ ಹೇಳುತ್ತೆ.

ಅಕ್ಕ ಯಾಕೆ 7 ತಿಂಗಳು ಸುಮ್ಮನಿದ್ದರು? ಇದನ್ನ ಕಚೇರಿಯವರು ಕೇಳೋದು ಒಂದು ಥರ, ನಾವು ಕೇಳೋದು ಇನ್ನೊಂದು ಥರ. ಅವರು ಮೇಸ್ತ್ರಿ ಹತ್ರ ಮಗಳ ಬಾಣಂತನಕ್ಕೆ ಅಂತ 15 ಸಾವಿರ ಅಡ್ವಾನ್ಸ್ ತಗೊಂಡಿದ್ರು. ಅದು ತೀರೋವರೆಗೂ ಬಾಯಿ ಬಿಡಂಗಿಲ್ಲ. ಅದೇ ಟೆಂಪೋದಲ್ಲಿ ನಾದಿನಿ ಹೋಗ್ತಾರೆ, ಓರಗಿತ್ತಿ ಹೋಗ್ತಾರೆ. ಇವರು ದೂರು ಕೊಟ್ಟರೆ ನಾಳೆಯಿಂದ ಟೆಂಪೋ ಆ ಕೇರಿ ಮುಂದೆ ನಿಲ್ಲಲ್ಲ, 8 ಮನೆಯ ಒಲೆ ಆರುತ್ತೆ. ಗಂಡನಿಗೆ ಹೇಳಿದರೆ ಜಗಳ, ಹೇಳದಿದ್ದರೆ ಸಂಕಟ. ಇಷ್ಟರ ಮಧ್ಯೆ ಆ ಹೆಣ್ಣುಮಗಳು ಅಡ್ವಾನ್ಸ್ ತೀರಿಸೋಕೆ ಅಂತ ಅದೇ ಮನುಷ್ಯನ ಎದುರಿಗೆ 5 ತಿಂಗಳು ಚಿಪ್ಪು ಹೊತ್ತಿದ್ದಾರೆ. ಕಾನೂನಿನ ಭಾಷೆಯಲ್ಲಿ ಇದು "ವಿಳಂಬ".

ನಮ್ಮದು ತೆಂಗಿನ ಸೀಮೆ. ಇಲ್ಲಿ ತೋಟದವರು ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಉಂಡೆ ಕೊಬ್ಬರಿ ಆಗೋಕೆ 10-11 ತಿಂಗಳು ಬೇಕು. ಮಧ್ಯದಲ್ಲಿ ಒಡೆದರೆ ಅದು ಕೊಬ್ಬರಿಯೂ ಅಲ್ಲ, ಕಾಯಿಯೂ ಅಲ್ಲ. ವರ್ಷ ಕಾದು ತಿಪಟೂರು ಮಾರುಕಟ್ಟೆಗೆ ತಂದ ರೈತನಿಗೆ ಯಾಕೆ ಲೇಟು ಅಂತ ಯಾರೂ ಕೇಳಲ್ಲ. ಕೇಳಬಾರದು ಕೂಡ. ಕೊಬ್ಬರಿಗೆ ಬೆಲೆ ಕೇಳಿ ರೈತರು ಕೂತಾಗ ನಾವೂ ಹೋಗಿ ಅವರ ಜೊತೆ ಕೂತಿದ್ದೀವಿ. ಆದರೆ ಆ ಕಾಯಿ ಸುಲಿಯೋನು, ಮಟ್ಟೆ ಎತ್ತೋಳು, ಸಿಪ್ಪೆ ಹೆರೆಯೋಳು ತನ್ನ ನೋವನ್ನ ಅಟ್ಟದಲ್ಲಿಟ್ಟು ಹೊರಗೆ ತರೋಕೆ ಇರೋದು 90 ದಿನ. ಅಡ್ವಾನ್ಸ್ ಲೆಕ್ಕ ಇಲ್ಲಿ ಯುಗಾದಿಯಿಂದ ಯುಗಾದಿಗೆ ನಡೆಯುತ್ತೆ, ಕಾನೂನಿನ ಲೆಕ್ಕ ಸಂಬಳದ ಸ್ಲಿಪ್ಪಿನಂತೆ ತಿಂಗಳಿಗೆ ನಡೆಯುತ್ತೆ.

ವಿಚಿತ್ರ ಏನಂದ್ರೆ, ಈ ಕಾನೂನು ಹುಟ್ಟಿದ್ದೇ ಹಳ್ಳಿಯಲ್ಲಿ. ರಾಜಸ್ಥಾನದ ಭಟೇರಿಯ ಭಂವರಿ ದೇವಿ, ಕುಂಬಾರ ಸಮುದಾಯದ ಹೆಣ್ಣುಮಗಳು, ಸರ್ಕಾರದ ಕಾರ್ಯಕ್ರಮದಲ್ಲಿ 'ಸಾಥಿನ್' ಆಗಿ ಬಾಲ್ಯವಿವಾಹ ತಡೆಯೋಕೆ ಹೋಗಿದ್ದಕ್ಕೆ 1992ರಲ್ಲಿ ಮೇಲ್ಜಾತಿ ಗಂಡಸರು ಆಕೆಯ ಮೇಲೆ ಅತ್ಯಾಚಾರ ಮಾಡಿದರು. ಕೆಳಗಿನ ಕೋರ್ಟು 1995ರಲ್ಲಿ ಆರೋಪಿಗಳನ್ನ ಅತ್ಯಾಚಾರದ ಆರೋಪದಿಂದ ಬಿಟ್ಟಿತು. ಆ ಸಿಟ್ಟಿನಿಂದ ಹುಟ್ಟಿದ್ದೇ 1997ರ ವಿಶಾಖಾ ತೀರ್ಪು, ಅದರಿಂದ ಬಂದದ್ದು 2013ರ ಕಾಯ್ದೆ. ಆಕೆಗೆ ಆಫೀಸು ಇರಲಿಲ್ಲ, ಇಡೀ ಊರೇ ಆಕೆಯ ಕೆಲಸದ ಜಾಗ. ಆದರೆ ಕಾಯ್ದೆ ಬಂದಾಗ ಅದರ ಸಮಿತಿ, ಅಧ್ಯಕ್ಷೆ, ಇಮೇಲು, 3 ತಿಂಗಳು ಎಲ್ಲ ಎಸಿ ರೂಮಿನ ಅಳತೆಗೆ ಹೊಲಿಸಿದಂಗಿತ್ತು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ.

ಸ್ಟೇಷನ್ನಿನಲ್ಲಿ ಹೇಳಿದ 3 ತಿಂಗಳು ಸಮಿತಿಯ ಗಡಿಯಾರ, ಪೊಲೀಸರದ್ದಲ್ಲ. ಬೇರೆಯವರ ಗಡಿಯಾರ ತೋರಿಸಿ ನಮ್ಮವರನ್ನ ವಾಪಸ್ ಕಳಿಸ್ತಿದ್ದಾರೆ. ಅಟ್ರಾಸಿಟಿ ಕಾಯ್ದೆ, ಅಂದರೆ 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ 3(1)(ಡಬ್ಲ್ಯೂ) ಅಂತ ಒಂದು ಕಲಮಿದೆ. 2015ರ ತಿದ್ದುಪಡಿಯಲ್ಲಿ ಬಂದದ್ದು, 2016ರ ಜನವರಿ 26ರಿಂದ ಜಾರಿ. ಪರಿಶಿಷ್ಟ ಜಾತಿ, ಪಂಗಡದ ಹೆಣ್ಣುಮಗಳು ಅಂತ ಗೊತ್ತಿದ್ದೂ ಒಪ್ಪಿಗೆಯಿಲ್ಲದೆ ಲೈಂಗಿಕ ಉದ್ದೇಶದಿಂದ ಮುಟ್ಟಿದರೆ, ಅಥವಾ ಬರೀ ಲೈಂಗಿಕ ಮಾತು, ಸನ್ನೆ ಮಾಡಿದರೂ ಅಪರಾಧ. ಶಿಕ್ಷೆ 6 ತಿಂಗಳಿಂದ 5 ವರ್ಷ. ಆ 5 ವರ್ಷ ಅನ್ನೋದು ಯಾಕೆ ಮುಖ್ಯ ಅಂದರೆ, ಕ್ರಿಮಿನಲ್ ಕೇಸಿನ ಕಾಲಮಿತಿ ನಿಂತಿರೋದು ಶಿಕ್ಷೆಯ ಪ್ರಮಾಣದ ಮೇಲೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 514ನೇ ಸೆಕ್ಷನ್ ಪ್ರಕಾರ ಬರೀ ದಂಡದ ಅಪರಾಧಕ್ಕೆ 6 ತಿಂಗಳು, 1 ವರ್ಷದವರೆಗಿನ ಶಿಕ್ಷೆ ಇದ್ದರೆ 1 ವರ್ಷ, 3 ವರ್ಷದವರೆಗಿನ ಶಿಕ್ಷೆ ಇದ್ದರೆ 3 ವರ್ಷ. ಅದಕ್ಕಿಂತ ಹೆಚ್ಚು ಶಿಕ್ಷೆ ಇರೋ ಅಪರಾಧಕ್ಕೆ ಕಾಲಮಿತಿಯೇ ಇಲ್ಲ. ಅಕ್ಕನ ಕೇಸಿಗೆ ಕಾಲಮಿತಿಯೇ ಇಲ್ಲ ಸಾರ್! 7 ತಿಂಗಳಲ್ಲ, 7 ವರ್ಷ ಆಗಿದ್ದರೂ ಎಫ್‌ಐಆರ್ ಆಗಬೇಕು.

"3 ತಿಂಗಳು ದಾಟಿದರೆ ಮೊದಲು ಪ್ರಾಥಮಿಕ ವಿಚಾರಣೆ ಮಾಡ್ತೀವಿ" ಅಂತಲೂ ಕೆಲವು ಕಡೆ ಹೇಳ್ತಾರೆ. ಇದು 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಇರೋ ಮಾತು, ಸುಳ್ಳಲ್ಲ. ಆದರೆ 2018ರಲ್ಲಿ ದೇಶದ ತುಂಬ ನಮ್ಮವರು ಬೀದಿಗಿಳಿದು, ಜೀವ ಕೊಟ್ಟು, ತರಿಸಿಕೊಂಡ 18ಎ ಸೆಕ್ಷನ್ ಇದೆಯಲ್ಲ, ಅದರ ಪ್ರಕಾರ ಅಟ್ರಾಸಿಟಿ ಕೇಸಿನಲ್ಲಿ ಎಫ್‌ಐಆರಿಗೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ. ಅರ್ಜಿಯಲ್ಲೇ ಆ ಸೆಕ್ಷನ್ ನಂಬರ್ ಬರೆದುಬಿಡಿ. ತಡವಾದ ಕಾರಣವನ್ನೂ ಮೊದಲನೇ ಪ್ಯಾರಾದಲ್ಲೇ ಬರೀರಿ: ಅಡ್ವಾನ್ಸು, ಟೆಂಪೋ, ನಾದಿನಿ, ಭಯ, ಎಲ್ಲ. ಕಾಲಮಿತಿ ಇಲ್ಲದಿದ್ದರೂ ವಿಚಾರಣೆಯಲ್ಲಿ ಎದುರು ವಕೀಲರು ಮೊದಲು ಹಿಡಿಯೋದು ತಡವನ್ನೇ.

ಇಲ್ಲಿ ನಮ್ಮ ತಪ್ಪೂ ಇದೆ. ಅಟ್ರಾಸಿಟಿ ಅಂದರೆ ನಮ್ಮ ಕೈ ತಾನಾಗೇ 3(1)(ಆರ್), 3(1)(ಎಸ್) ಬರೆಯುತ್ತೆ. ಜಾತಿ ನಿಂದನೆ, ಮುಗೀತು. ನಾನೇ ಎಷ್ಟೋ ಅರ್ಜಿ ಹಂಗೆ ಬರೆದಿದ್ದೀನಿ, ಸೋತಿದ್ದೀನಿ. ಆ ಎರಡೂ ಕಲಮುಗಳಿಗೆ "ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗ" ಅನ್ನೋ ಷರತ್ತಿದೆ. 2022ರ ಜೂನ್‌ನಲ್ಲಿ ನಮ್ಮ ಹೈಕೋರ್ಟು, ಕಟ್ಟಡದ ಬೇಸ್‌ಮೆಂಟಿನಲ್ಲಿ ಜೊತೆ ಕೆಲಸಗಾರರ ಎದುರು ಬೈದದ್ದು ಸಾರ್ವಜನಿಕರ ಎದುರು ಬೈದಂಗಲ್ಲ ಅಂತ ಒಂದು ಕೇಸ್ ರದ್ದು ಮಾಡಿತು. 2025ರ ಜನವರಿ 31ರಂದು ಸುಪ್ರೀಂ ಕೋರ್ಟು, ತಮಿಳುನಾಡಿನ ಒಬ್ಬ ಕಂದಾಯ ನಿರೀಕ್ಷಕರನ್ನ ಅವರದೇ ಕಚೇರಿಯೊಳಗೆ ಜಾತಿ ಹಿಡಿದು ಬೈದ ಕೇಸನ್ನೂ ಹಿಂಗೇ ರದ್ದು ಮಾಡಿತು. ನಾಲ್ಕು ಗೋಡೆಯ ಒಳಗೆ ಆಗಿದ್ದು, ಸಹೋದ್ಯೋಗಿಗಳು ಬಂದಿದ್ದು ಆಮೇಲೆ ಅಂತ. ಈಗ ಯೋಚನೆ ಮಾಡಿ: ಫ್ಯಾಕ್ಟರಿ, ಗೋಡೌನು, ಸ್ಟೋರ್ ರೂಮು, ತೋಟದ ಮನೆ, ನಮ್ಮವರು ಕೂಲಿ ಮಾಡೋ ಯಾವ ಜಾಗಕ್ಕೆ ಗೋಡೆ ಇಲ್ಲ? ಅಲ್ಲಿ ಜೊತೆ ಕೆಲಸಗಾರರನ್ನ ಬಿಟ್ಟು ಇನ್ಯಾರು ಇರ್ತಾರೆ? ಕೆಲಸದ ಜಾಗದ ಜಾತಿ ನಿಂದನೆ ಈ ಒಂದು ಷರತ್ತಿನಲ್ಲಿ ಸೋರಿ ಹೋಗ್ತಿದೆ. (ಡಬ್ಲ್ಯೂ) ಕಲಮಿಗೆ ಆ ಷರತ್ತಿಲ್ಲ. ಗೋಡೌನಿನ ಬಾಗಿಲು ಹಾಕಿದ್ದರೂ ಅಪರಾಧ ಅಪರಾಧವೇ. "ಅವಳ ಜಾತಿ ನನಗೆ ಗೊತ್ತಿರಲಿಲ್ಲ" ಅಂತಾರಾ? ಆರೋಪಿಗೆ ಸಂತ್ರಸ್ತೆಯ ಅಥವಾ ಅವರ ಮನೆಯವರ ಪರಿಚಯ ಇತ್ತು ಅಂತಾದರೆ ಜಾತಿ ಗೊತ್ತಿತ್ತು ಅಂತಲೇ ಕೋರ್ಟು ಭಾವಿಸಬೇಕು, 8(ಸಿ) ನೋಡಿ. ಬಾಟ್ಲಿಗೆ ಮೇಲಿಂದ ನೀರು ಹುಯ್ಯಿಸಿದವನಿಗೆ ಜಾತಿ ಗೊತ್ತಿರಲಿಲ್ವಾ?

ಇನ್ನು ಲಿಮಿಟ್ಸ್ ವಿಷಯ. 2024ರ ಜುಲೈ 1ರಿಂದ ಜಾರಿಗೆ ಬಂದ ಅದೇ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಅಪರಾಧ ಎಲ್ಲೇ ಆಗಿರಲಿ, ಯಾವ ಸ್ಟೇಷನ್ನಿನಲ್ಲಾದರೂ ಮಾಹಿತಿ ಕೊಡಬಹುದು. ಝೀರೋ ಎಫ್‌ಐಆರ್ ಅಂತೀವಲ್ಲ, ಅದು. ದಾಖಲಿಸಿಕೊಂಡು ಸಂಬಂಧಪಟ್ಟ ಸ್ಟೇಷನ್ನಿಗೆ ಕಳಿಸೋದು ಅವರ ಕೆಲಸ, ಕವರ್ ಹಿಡ್ಕೊಂಡು ಅಲೆಯೋದು ನಮ್ಮಕ್ಕನ ಕೆಲಸ ಅಲ್ಲ. ಬರೆದುಕೊಳ್ಳಲ್ಲ ಅಂದರೆ ಎಸ್ಪಿಗೆ ಅಂಚೆಯಲ್ಲಿ ಕಳಿಸಿ. ಸರ್ಕಾರಿ ನೌಕರ ಬೇಕಂತಲೇ ಕರ್ತವ್ಯ ಮಾಡದಿದ್ದರೆ ಅಟ್ರಾಸಿಟಿ ಕಾಯ್ದೆಯ 4ನೇ ಸೆಕ್ಷನ್ ಅವರ ಮೇಲೇ ಇದೆ ಅನ್ನೋದನ್ನ ವಿನಯವಾಗಿ ನೆನಪಿಸಿ. ವಿನಯವಾಗಿ ಅಂದೆ, ಸ್ಟೇಷನ್ ಮುಂದೆ ಲೈವ್ ಹೋಗಿ ಅಂತಲ್ಲ. ಲೈವ್ ಹೋದವರಿಗೆ ಲೈಕ್ ಬರುತ್ತೆ, ಆ ಹೆಣ್ಣುಮಗಳಿಗೆ ಊರಲ್ಲಿ ಮುಖ ಎತ್ತೋಕಾಗಲ್ಲ.

ಸಮಿತಿಯ ಲಿಮಿಟ್ಸ್ ಇನ್ನೂ ಸರಳ. 10ಕ್ಕಿಂತ ಕಡಿಮೆ ಜನ ಇರೋ ಜಾಗ, ಅಥವಾ ಮಾಲೀಕನ ಮೇಲೇ ದೂರು ಅಂದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ. 10 ಅಥವಾ ಹೆಚ್ಚು ಜನ ಇದ್ದರೆ ಫ್ಯಾಕ್ಟರಿಯಲ್ಲೇ ಆಂತರಿಕ ಸಮಿತಿ ಇರಲೇಬೇಕು, ಇಲ್ಲದಿದ್ದರೆ 50 ಸಾವಿರದವರೆಗೆ ದಂಡ. ನಾನು ಓಡಾಡಿದ ಕಡೆ ಗೋಡೆ ಮೇಲೆ ದೇವರ ಫೋಟೋ, ಅಮಾವಾಸ್ಯೆ ಪೂಜೆಯ ಕುಂಬಳಕಾಯಿ ನೋಡಿದ್ದೀನಿ, ಸಮಿತಿಯ ಬೋರ್ಡ್ ನೋಡಿಲ್ಲ. ಮೇಸ್ತ್ರಿ ಕಡೆಯ ಕೂಲಿಯವರು ನಮ್ಮ ರಿಜಿಸ್ಟರಿನಲ್ಲಿ ಇಲ್ಲ ಅನ್ನೋದು ಮಾಲೀಕರ ಮಾಮೂಲಿ ಮಾತು. ಕಂಟ್ರಾಕ್ಟ್ ಕೂಲಿ, ದಿನಗೂಲಿ, ಮಾಲೀಕನಿಗೆ ಗೊತ್ತಿಲ್ಲದೆ ಏಜೆಂಟ್ ಕರ್ಕೊಂಡು ಬಂದವರು ಎಲ್ಲರೂ ಈ ಕಾಯ್ದೆಗೆ 'ಉದ್ಯೋಗಿ'ಗಳೇ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: ಮಾಲೀಕರು ಮಾಡಿದ ಓಡಾಟದ ವಾಹನವೂ ಕೆಲಸದ ಜಾಗವೇ. ಬೆಳಗ್ಗೆ 6ರ ಟೆಂಪೋ ಕೂಡ! ಅದು ತಾಲ್ಲೂಕಿನ ಗಡಿ ಎಷ್ಟು ಸಲ ದಾಟಿದರೂ ಅಷ್ಟೇ. ಬೇರೆ ಇಲಾಖೆಯ ಅಧಿಕಾರಿಯ ಮೇಲೆ ದೂರಿದ್ದರೂ ಹೆಣ್ಣುಮಗಳು ಕೆಲಸ ಮಾಡೋ ಕಡೆಯ ಸಮಿತಿಯೇ ವಿಚಾರಣೆ ಮಾಡಬಹುದು ಅಂತ 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ದೆಹಲಿಯ ದೊಡ್ಡ ಅಧಿಕಾರಿಗಳ ಕೇಸು ಅದು. ಆದರೆ ಅವನು ನಮ್ಮವನಲ್ಲ, ಮೇಸ್ತ್ರಿ ಕಡೆಯವನು ಅಂತ ಜಾರಿಕೊಳ್ಳೋ ಮಾಲೀಕರ ಮುಂದೆ ಇಡೋಕೆ ನಮಗೂ ಒಳ್ಳೆ ಆಧಾರ.

ಮೂರೂ ತಾಲ್ಲೂಕು ಇರೋದು ತುಮಕೂರು ಜಿಲ್ಲೆಯಲ್ಲೇ, ತಿಪಟೂರು ಉಪವಿಭಾಗದಲ್ಲೇ. ಸ್ಥಳೀಯ ಸಮಿತಿಗೆ ಲಿಮಿಟ್ಸ್ ಪ್ರಶ್ನೆಯೇ ಇಲ್ಲ. ಪ್ರಶ್ನೆ ಇರೋದು 70 ಕಿಲೋಮೀಟರಿನದ್ದು. ಶಕ್ತಿ ಯೋಜನೆಯಲ್ಲಿ ಬಸ್ಸು ಫ್ರೀ, ನಿಜ. ಹೋದ ದಿನದ ಕೂಲಿ ಯಾರು ಕೊಡ್ತಾರೆ? ಅದಕ್ಕೇ ಕಾಯ್ದೆಯಲ್ಲಿ ಪ್ರತಿ ತಾಲ್ಲೂಕಿಗೆ ಒಬ್ಬ ನೋಡಲ್ ಅಧಿಕಾರಿ ಇರಬೇಕು, ದೂರು ತಗೊಂಡು 7 ದಿನದೊಳಗೆ ಸಮಿತಿಗೆ ಕಳಿಸಬೇಕು ಅಂತ ಬರೆದಿರೋದು. 2024ರ ಡಿಸೆಂಬರ್ 3ರಂದು ಸುಪ್ರೀಂ ಕೋರ್ಟು ಜಿಲ್ಲಾಧಿಕಾರಿ ಮಟ್ಟದಿಂದ ತಾಲ್ಲೂಕು ನೋಡಲ್ ಅಧಿಕಾರಿವರೆಗೆ ಎಲ್ಲರನ್ನೂ ನೇಮಿಸಿ ಅಂತ ಗಡುವು ಹಾಕಿ ಆದೇಶ ಮಾಡಿದೆ. ಅಕ್ಕ ಹೋದ ಕಚೇರಿಯಲ್ಲಿ ಆ ಅಧಿಕಾರಿ ಯಾರು ಅಂತ ಅಲ್ಲಿನವರಿಗೇ ಗೊತ್ತಿರಲಿಲ್ಲ. ಒಬ್ಬರನ್ನೊಬ್ಬರು ಮುಖ ನೋಡಿಕೊಂಡರಂತೆ. ನಮಗೆ 90 ದಿನದ ಗಡುವು, ಅವರ ಗಡುವು ಮುಗಿದದ್ದಕ್ಕೆ ಯಾರನ್ನ ಕೇಳೋಣ?

ಕೂಲಿ ಬಾಕಿ ಬೇರೆ ಗಡಿಯಾರ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿ ಅಂದಿದ್ದಾರೆ. ಅವುಗಳಲ್ಲಿ ನಮಗೆ ಮುಳ್ಳು ಬಹಳ ಇವೆ, ಅದು ಬೇರೆ ಪೋಸ್ಟು. ಆದರೆ ವೇತನ ಸಂಹಿತೆಯಲ್ಲಿ ಬಾಕಿ ಕೂಲಿ ಕೇಳೋಕೆ 3 ವರ್ಷ ಸಮಯ ಇದೆ. ಕನಿಷ್ಠ ಕೂಲಿ ಕಾಯ್ದೆಯಲ್ಲಿ ಮುಂಚೆ ಇದ್ದದ್ದು 6 ತಿಂಗಳು. ಅದೇ ಕೆಲಸದಿಂದ ತೆಗೆದ ವ್ಯಾಜ್ಯಕ್ಕೆ ಹಳೇ ಕಾಯ್ದೆಯಲ್ಲಿ 3 ವರ್ಷ ಇದ್ದದ್ದು ಹೊಸದರಲ್ಲಿ 2 ವರ್ಷಕ್ಕೆ ಇಳಿದಿದೆ. ದುಡ್ಡಿಗೆ 3 ವರ್ಷ, ಕೆಲಸಕ್ಕೆ 2 ವರ್ಷ, ಮೈಮೇಲೆ ಕೈ ಹಾಕಿದ್ದಕ್ಕೆ 3 ತಿಂಗಳು. ಇದನ್ನ ಬರೆದವರ ಮನೆಯಲ್ಲಿ ಗಡಿಯಾರ ಹೆಂಗೆ ಓಡುತ್ತೋ!

ಮತ್ತೆ ಆ ವೇತನ ಸಂಹಿತೆಯಲ್ಲಿ ತಾರತಮ್ಯ ಮಾಡಬಾರದು ಅಂತ 3ನೇ ಸೆಕ್ಷನ್ ಇದೆ. ಯಾವ ಆಧಾರದ ಮೇಲೆ? ಲಿಂಗ. ಅಷ್ಟೇ. ಜಾತಿ ಅನ್ನೋ ಪದ ಅಲ್ಲಿಲ್ಲ. ಖಾಸಗಿ ಕೆಲಸದ ಜಾಗದಲ್ಲಿ ನೀರಿನ ಡ್ರಮ್ ಮುಟ್ಟಬೇಡ ಅಂದರೆ, ಬಿಸಿಲಿನ ಕೆಲಸ ಕೇರಿಯವರಿಗೇ ಮೀಸಲಿಟ್ಟರೆ ಕಾರ್ಮಿಕ ಇಲಾಖೆಯ ಯಾವ ಫಾರಮ್ಮೂ ಇಲ್ಲ. ನಾಗರಿಕ ಹಕ್ಕುಗಳ 1955ರ ಕಾಯ್ದೆಯ 4ನೇ ಸೆಕ್ಷನ್ನಿನಲ್ಲಿ ಅಸ್ಪೃಶ್ಯತೆ ಕಾರಣಕ್ಕೆ ಕೆಲಸದಲ್ಲಿ ನಿರ್ಬಂಧ ಹಾಕೋದು ಅಪರಾಧ ಅಂತಿದೆ, ಅದೂ ಪೊಲೀಸ್ ಕೇಸು. ಅಂದರೆ ಸಂವಿಧಾನದ 17ನೇ ವಿಧಿ ಬಂದು ಇಷ್ಟು ವರ್ಷ ಆದಮೇಲೂ, ಮಾಲೀಕನನ್ನ ಜೈಲಿಗೆ ಕಳಿಸೋ ಮಾತಾಡದೆ "ನನ್ನ ಜಾಗ ನನಗೆ ವಾಪಸ್ ಕೊಡು" ಅಂತ ಕೇಳೋಕೆ ನಮ್ಮವರಿಗೆ ಒಂದು ಬಾಗಿಲಿಲ್ಲ. ಬಹುಪಾಲು ಹೆಂಗಸರು ಕೇಳೋದು ಅದನ್ನೇ. ಅಕ್ಕನೂ ಮೊದಲು ಕೇಳಿದ್ದು "ಹೆರೆಯೋ ಸಾಲಿಗೆ ವಾಪಸ್ ಹಾಕಿಸಿಕೊಡ್ತೀರಾ" ಅಂತ.

ಟೈಮ್ ಬಗ್ಗೆ ಇನ್ನೆರಡು ಮಾತು. ಚಿಕ್ಕನಾಯಕನಹಳ್ಳಿ ತಾಲ್ಲೂಕು ಗೋಪಾಲಪುರದ ಹೊನ್ನಮ್ಮ ನೆನಪಿದ್ದಾರಾ? ಡಾಬಾ ನಡೆಸ್ತಿದ್ದ ನಮ್ಮ ಹೆಣ್ಣುಮಗಳು. ಕಳ್ಳತನದ ವಿರುದ್ಧ ದೂರು ಕೊಟ್ಟಿದ್ದಕ್ಕೆ 2010ರ ಜೂನ್ 28ರಂದು ಊರಲ್ಲಿ ಕಲ್ಲು ಹಾಕಿ ಕೊಂದರು. ತುಮಕೂರಿನ ಕೋರ್ಟು 21 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿದ್ದು 2024ರ ನವೆಂಬರ್‌ನಲ್ಲಿ. 14 ವರ್ಷ! ದೂರು ಕೊಡೋಕೆ ಒಂದು ದಿನ ತಡ ಆದರೆ ನಮ್ಮ ತಪ್ಪು, ತೀರ್ಪು ಕೊಡೋಕೆ 14 ವರ್ಷ ಆದರೆ ಪ್ರಕ್ರಿಯೆ. ಆ ಊರಿನ ಸುತ್ತಮುತ್ತ ಬೆಳೆದ ಹೆಣ್ಣುಮಕ್ಕಳು ಇವತ್ತು ದೂರು ಕೊಡೋಕೆ ಮುಂಚೆ ಹತ್ತು ಸಲ ಯೋಚನೆ ಮಾಡ್ತಾರೆ ಅಂದರೆ, ಯಾಕೆ ತಡ ಅಂತ ಕೇಳೋ ಮುಖ ಯಾರಿಗಿದೆ?

ಬಾಬಾಸಾಹೇಬರು 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದರು. ಅಮೆರಿಕದಲ್ಲಿ ಓದಿ ಬಂದವರು. ತಂಗೋಕೆ ಜಾಗ ಸಿಗದೆ ಪಾರ್ಸಿ ಛತ್ರದಲ್ಲಿದ್ದವರನ್ನ ದೊಣ್ಣೆ ಹಿಡಿದ ಗುಂಪು ಬಂದು ಹೊರಹಾಕಿತು, ಕೆಲಸ ಬಿಟ್ಟು ಬಾಂಬೆಗೆ ವಾಪಸ್ ಬಂದರು. ಅದನ್ನ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದು ಸುಮಾರು 18 ವರ್ಷ ಆದಮೇಲೆ. ಆಗಲೂ ಅವರಿಗೆ ನೆನೆದರೆ ಕಣ್ಣೀರು ಬರ್ತಿತ್ತು. ಅಂಥ ಮನುಷ್ಯನಿಗೆ ಬರೆಯೋಕೆ 18 ವರ್ಷ ಬೇಕಾಯಿತು.

ಈಗ ಕೆಲಸದ ಮಾತು. ಮೂರೂ ತಾಲ್ಲೂಕಿನ ನೋಡಲ್ ಅಧಿಕಾರಿ ಯಾರು, ಫೋನ್ ನಂಬರ್ ಏನು, ಸ್ಥಳೀಯ ಸಮಿತಿಯ ಸದಸ್ಯರು ಯಾರು ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕ್ತಿದ್ದೀವಿ. ನಿಮ್ಮಲ್ಲಿ ಯಾರಿಗಾದರೂ ಮೊದಲೇ ಗೊತ್ತಿದ್ದರೆ ಅಧಿಕಾರಿಗಳ ಹೆಸರು ಮಾತ್ರ ಕಾಮೆಂಟಿನಲ್ಲಿ ಹಾಕಿ. ಸಮಿತಿ ತಿಂಗಳಿಗೊಮ್ಮೆ ತಿಪಟೂರಿಗೆ ಬಂದು ಕೂರಬೇಕು ಅಂತ ಜಿಲ್ಲಾಧಿಕಾರಿಗೆ ಮನವಿ ಬರೆದಿಟ್ಟಿದ್ದೀನಿ, ಸಹಿ ಹಾಕೋ ಸಂಘಟನೆಗಳು ತಿಳಿಸಿ. ಅರ್ಜಿ ಬರೆದುಕೊಡೋ ಹುಡುಗರು ಒಂದು ಪ್ರಶ್ನೆ ಮಾತ್ರ ಮರೀಬೇಡಿ: ಕೊನೇ ಸಲ ಯಾವಾಗ? ಮತ್ತೆ, ಸೀಲ್ ಇಲ್ಲದೆ ಎದ್ದು ಬರಬೇಡಿ. ಟೈಮ್ ಮುಗಿದಿದೆ ಅಂತ ಯಾರಾದರೂ ಹೇಳಿದರೆ, ಅದನ್ನೇ ಬರೆದು ಸಹಿ ಹಾಕಿ ಕೊಡಿ ಸಾರ್ ಅಂತ ಕೇಳಿ. ನನ್ನ ಅನುಭವದಲ್ಲಿ ಇಲ್ಲಿಯವರೆಗೆ ಒಬ್ಬರೂ ಬರೆದುಕೊಟ್ಟಿಲ್ಲ.

ಅಕ್ಕ ಈಗ ಬೇರೆ ಕಡೆ ಮಟ್ಟೆ ಎತ್ತೋ ಕೆಲಸಕ್ಕೆ ಹೋಗ್ತಿದ್ದಾರೆ. ಹೊಸ ಅರ್ಜಿ 4 ಪುಟ ಆಗಿದೆ, ಮೊನ್ನೆ ಸೀಲ್ ಬಿತ್ತು, ಅದರ ಫೋಟೋ ಅವರ ಮೊಬೈಲಿನಲ್ಲಿದೆ. ಎಫ್‌ಐಆರ್ ಇನ್ನೂ ಆಗಿಲ್ಲ. ಸೋಮವಾರ ಮತ್ತೆ ಹೋಗ್ತಿದ್ದೀವಿ. ಜೊತೆಗೆ ಬರೋಕೆ ಹೆಣ್ಣುಮಕ್ಕಳು ಬೇಕು, ಇಬ್ಬರಾದರೂ. ಬರೋರು ಇನ್‌ಬಾಕ್ಸಿಗೆ ಬನ್ನಿ, ಎಲ್ಲಿ ಸೇರೋದು ಅಂತ ಹೇಳ್ತೀನಿ.